ಮನೆಮಗಳಿಗೂ ಗಂಟೆಯ ಲೆಕ್ಕ ಬೇಕು

ಪದವಿ ಮುಗಿಸಿ ಜರ್ಮನ್ ಕ್ಲಾಸಿಗೆ ಸೇರುವ ನಮ್ಮ ಹುಡುಗ ಹುಡುಗಿಯರ ಬಾಯಲ್ಲಿ ಈಗೀಗ ಒಂದು ಹೊಸ ಪದ ಓಡಾಡುತ್ತಿದೆ: ಓ ಪೇರ್. ಹೊರದೇಶದ ಒಂದು ಕುಟುಂಬದ ಜೊತೆ ಅವರ ಮನೆಯಲ್ಲೇ ಇದ್ದು, ಮಕ್ಕಳನ್ನು ನೋಡಿಕೊಂಡು, ಸಣ್ಣಪುಟ್ಟ ಮನೆಗೆಲಸಕ್ಕೆ ಕೈಜೋಡಿಸುವುದು. ಅದಕ್ಕೆ ಪ್ರತಿಯಾಗಿ ಊಟ, ಕೋಣೆ, ಒಂದಿಷ್ಟು ಕೈಖರ್ಚಿನ ಹಣ ಪಡೆದು ಅಲ್ಲಿನ ಭಾಷೆ ಕಲಿಯುವುದು. ಜರ್ಮನಿಯಲ್ಲಿ ಇದು ಹೆಚ್ಚೆಂದರೆ ಒಂದು ವರ್ಷದ ಏರ್ಪಾಡು. ಇದು ನಮ್ಮವರನ್ನು ಸೆಳೆಯುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಜರ್ಮನಿಗೆ ಓದಲು ಹೋಗುವ ವಿದ್ಯಾರ್ಥಿ ವರ್ಷದ ಖರ್ಚಿಗೆಂದು 11,904 ಯೂರೋಗಳನ್ನು ಮೊದಲೇ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕೆಂದು 2024ರಲ್ಲಿ ನಿಗದಿಯಾಯಿತು. ನಮ್ಮ ಲೆಕ್ಕದಲ್ಲಿ ಅದು ಹತ್ತು ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತ. ಓ ಪೇರ್ ಆಗಿ ಹೋಗುವವರಿಗೆ ಆ ಹಣ ಬೇಡ. ವಯಸ್ಸು 18 ದಾಟಿರಬೇಕು, ಅರ್ಜಿ ಹಾಕುವಾಗ 27 ತುಂಬಿರಬಾರದು, ಭಾಷೆಯ ಮೊದಲ ಮೆಟ್ಟಿಲಾದ ಎ1 ಮಟ್ಟದ ಜರ್ಮನ್ ಬರಬೇಕು, ಒಂದು ಕುಟುಂಬ ಬರೆದುಕೊಟ್ಟ ಒಪ್ಪಂದ ಕೈಯಲ್ಲಿರಬೇಕು. ಕರ್ನಾಟಕ, ಕೇರಳದವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೇ ಹೋಗುತ್ತದೆ. ಜಮೀನು ಅಡವಿಡದೆ ಯೂರೋಪಿನ ಬಾಗಿಲು ತೆರೆಯುವ ದಾರಿಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಈ ದಾರಿಯನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಇದರ ಜೊತೆ ಬರುವ ಒಂದು ಮಾತಿನ ಬಗ್ಗೆ ಎಚ್ಚರ ಬೇಕು. 'ನೀವು ಅಲ್ಲಿ ಕೆಲಸದವರಲ್ಲ, ಮನೆಯ ಸದಸ್ಯರು' ಎನ್ನುವ ಮಾತು ಅದು. ಜಾಹೀರಾತಿನಲ್ಲಿ, ಏಜೆನ್ಸಿಯ ವಿವರಣೆಯಲ್ಲಿ, ಕುಟುಂಬ ಬರೆಯುವ ಪತ್ರದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಕೇಳಲು ಹಿತವಾಗಿದೆ, ಹೇಳುವವರಲ್ಲಿ ಬಹುಮಂದಿ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಈ ವ್ಯವಸ್ಥೆಯಲ್ಲಿ ಆಗುವ ಅನ್ಯಾಯದ ಬಹುಪಾಲು ಹುಟ್ಟುವುದು ಇದೇ ಮಾತಿನಿಂದ. ಓ ಪೇರ್ ಮಾಡುವುದು ಕೆಲಸ. ಅದನ್ನು ಕೆಲಸ ಎಂದು ಕರೆದು, ಗಂಟೆ ಎಣಿಸಿ, ಬರೆದಿಟ್ಟಾಗ ಮಾತ್ರ ಅಲ್ಲಿ ಸಮಾನತೆಯೂ ಉಳಿಯುತ್ತದೆ, ಪ್ರೀತಿಯೂ ಉಳಿಯುತ್ತದೆ.

ಓ ಪೇರ್ ಎನ್ನುವುದು ಫ್ರೆಂಚ್ ಮಾತು. 'ಸರಿಸಮಾನವಾಗಿ' ಎಂದು ಅದರ ಅರ್ಥ. ಶುರುವಿನಲ್ಲಿ ಈ ಅರ್ಥಕ್ಕೆ ಆಧಾರವಿತ್ತು. ಯೂರೋಪಿನ ಒಂದು ದೇಶದ ಮಧ್ಯಮವರ್ಗದ ಹುಡುಗಿ ಇನ್ನೊಂದು ದೇಶದ ಮಧ್ಯಮವರ್ಗದ ಮನೆಗೆ ಭಾಷೆ ಕಲಿಯಲು ಹೋಗುತ್ತಿದ್ದಳು. ಸ್ವಿಟ್ಜರ್ಲೆಂಡಿನ ವ್ಯಾಪಾರಿಯ ಮಗಳು ಲಂಡನ್ನಿನ ವಕೀಲರ ಮನೆಯಲ್ಲಿ ಒಂದು ವರ್ಷ ಕಳೆದರೆ, ಇಬ್ಬರ ಅಂತಸ್ತೂ ಹೆಚ್ಚುಕಡಿಮೆ ಒಂದೇ. ಮನೆ ಹಿಡಿಸದಿದ್ದರೆ ರೈಲು, ಹಡಗು ಹತ್ತಿ ಎರಡು ದಿನದಲ್ಲಿ ತವರು ಸೇರಬಹುದಿತ್ತು. ಸಮಾನತೆ ನಿಂತಿದ್ದದ್ದು ಯಜಮಾನಿಯ ಒಳ್ಳೆಯತನದ ಮೇಲಲ್ಲ, ಆ ವಾಪಸು ಟಿಕೆಟಿನ ಮೇಲೆ. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಯೂರೋಪಿನ ಮನೆಗಳಲ್ಲಿ ಪೂರ್ಣಾವಧಿ ಆಳುಕಾಳುಗಳು ಇಲ್ಲವಾದರು, ಹೆಂಗಸರು ಹೊರಗೆ ದುಡಿಯತೊಡಗಿದರು, ಎಳೆಯ ಮಕ್ಕಳನ್ನು ನೋಡಿಕೊಳ್ಳುವವರ ಕೊರತೆ ಬಿತ್ತು. ಆ ಖಾಲಿ ಜಾಗಕ್ಕೆ ಓ ಪೇರ್ ಬಂದು ಕೂತಳು. 1989ರ ನಂತರ ಪೂರ್ವ ಯೂರೋಪಿನಿಂದ, ಆಮೇಲೆ ಫಿಲಿಪೀನ್ಸ್, ಕೊಲಂಬಿಯಾ, ಜಾರ್ಜಿಯಾ, ಮಡಗಾಸ್ಕರ್, ಭಾರತದಿಂದ ಹುಡುಗಿಯರು ಬರತೊಡಗಿದರು. (ಹುಡುಗರೂ ಹೋಗುತ್ತಾರೆ, ಆದರೆ ಕಡಿಮೆ.) ಹೆಸರು ಅದೇ ಉಳಿಯಿತು. ಅಂತಸ್ತಿನ ಅಂತರ ಮಾತ್ರ ಬೆಳೆಯುತ್ತಾ ಹೋಯಿತು. ಸಾಲ ಮಾಡಿ ವಿಮಾನ ಹತ್ತಿದ ದಾವಣಗೆರೆಯ ಹುಡುಗಿಗೆ, ಮನೆ ಹಿಡಿಸಲಿಲ್ಲವೆಂದು ಮರುವಾರ ಹಿಂದಿರುಗುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು?

1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಕೌನ್ಸಿಲ್ ಆಫ್ ಯೂರೋಪ್ ಈ ಪದ್ಧತಿಗೆ ಒಂದು ಒಪ್ಪಂದವನ್ನು ರೂಪಿಸಿತು. ಅದನ್ನು ಬರೆದವರ ಕಾಳಜಿ ನಿಜವಾದದ್ದು. ದಿನಕ್ಕೆ ಸಾಮಾನ್ಯವಾಗಿ ಐದು ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು, ವಾರಕ್ಕೊಂದು ಪೂರ್ತಿ ದಿನ ರಜೆ ಇರಬೇಕು, ತಿಂಗಳಿಗೆ ಒಂದಾದರೂ ಭಾನುವಾರ ಆ ರಜೆಯಲ್ಲಿ ಸೇರಿರಬೇಕು, ಭಾಷೆಯ ಕ್ಲಾಸಿಗೆ ಬಿಡುವು ಕೊಡಬೇಕು, ಎಲ್ಲವೂ ಬರಹದಲ್ಲಿರಬೇಕು ಎಂದೆಲ್ಲ ಅದರಲ್ಲಿದೆ. ಆದರೆ ಅದರ ಪೀಠಿಕೆ ಒಂದು ವಿಚಿತ್ರ ಮಾತನ್ನೂ ಹೇಳಿತು: ಓ ಪೇರ್ ವಿದ್ಯಾರ್ಥಿಯೂ ಅಲ್ಲ, ಕಾರ್ಮಿಕರೂ ಅಲ್ಲ, ಎರಡರ ಗುಣವೂ ಇರುವ ಒಂದು ವಿಶೇಷ ವರ್ಗ. ಬೆರಳೆಣಿಕೆಯ ದೇಶಗಳಷ್ಟೇ ಈ ಒಪ್ಪಂದವನ್ನು ಅನುಮೋದಿಸಿದವು. ಆದರೂ 'ಇದೂ ಅಲ್ಲ, ಅದೂ ಅಲ್ಲ' ಎನ್ನುವ ಆ ಕಲ್ಪನೆ ಯೂರೋಪಿನಾದ್ಯಂತ ಬೇರೂರಿತು. ವಿದ್ಯಾರ್ಥಿ ಎಂದಿದ್ದರೆ ಕಾಲೇಜಿನ ರಕ್ಷಣೆ ಇರುತ್ತಿತ್ತು. ಕಾರ್ಮಿಕ ಎಂದಿದ್ದರೆ ಕನಿಷ್ಠ ಕೂಲಿ, ಕಾರ್ಮಿಕ ನ್ಯಾಯಾಲಯ, ಸಂಘ ಇರುತ್ತಿದ್ದವು. ನಡುವೆ ನಿಂತವಳಿಗೆ ಎರಡೂ ಕೈಗೆಟುಕಲಿಲ್ಲ.

ಇಂದಿನ ಜರ್ಮನಿಯನ್ನೇ ನೋಡಿ. ನಿಯಮಗಳು ಅಲ್ಲಿ ಚೊಕ್ಕಟವಾಗಿವೆ. ದಿನಕ್ಕೆ ಹೆಚ್ಚೆಂದರೆ ಆರು ಗಂಟೆ, ವಾರಕ್ಕೆ ಮೂವತ್ತು ಗಂಟೆ ಕೆಲಸ. ವಾರಕ್ಕೆ ಒಂದೂವರೆ ದಿನ ರಜೆ, ನಾಲ್ಕು ಸಂಜೆ ಬಿಡುವು, ವರ್ಷಕ್ಕೆ ನಾಲ್ಕು ವಾರ ರಜಾಕಾಲ. ಮನೆಯೊಳಗೇ ಕಿಟಕಿ ಇರುವ, ಕನಿಷ್ಠ ಎಂಟು ಚದರ ಮೀಟರಿನ ಸ್ವಂತ ಕೋಣೆ. ತಿಂಗಳಿಗೆ 280 ಯೂರೋ ಕೈಖರ್ಚು, ಭಾಷೆಯ ಕ್ಲಾಸಿಗೆ 70 ಯೂರೋ, ವಿಮೆಯ ಕಂತು, ಎಲ್ಲವೂ ಕುಟುಂಬದ ಪಾಲಿನದು. ಮಕ್ಕಳ ಕೆಲಸ, ಹಗುರ ಮನೆಗೆಲಸ ಮಾಡಿಸಬಹುದು. ಮುದುಕರ, ರೋಗಿಗಳ ಶುಶ್ರೂಷೆ ಮಾಡಿಸುವಂತಿಲ್ಲ. ಕಾಗದದ ಮೇಲೆ ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತದೆ.

ಈಗ ಆ ಮೂವತ್ತು ಗಂಟೆಯನ್ನು ಒಂದು ದಿನದೊಳಗೆ ಇಟ್ಟು ನೋಡೋಣ. ಬೆಳಗ್ಗೆ ಆರೂವರೆಗೆ ಮಕ್ಕಳನ್ನು ಎಬ್ಬಿಸಿ, ಬ್ರೆಡ್ಡಿಗೆ ಬೆಣ್ಣೆ ಸವರಿ, ಡಬ್ಬಿಗೆ ಸೇಬು ಹೆಚ್ಚಿ ಹಾಕಿ, ಚಳಿಗಾಲವಾದರೆ ಸ್ವೆಟರು, ಜಾಕೆಟು, ಟೋಪಿ, ಕೈಗವಸು, ಬೂಟು ಎಂದು ಒಂದೊಂದಾಗಿ ತೊಡಿಸಿ ಎಂಟಕ್ಕೆ ಶಿಶುವಿಹಾರ ಮುಟ್ಟಿಸುವುದರಲ್ಲಿ ಒಂದೂವರೆ ಗಂಟೆ. ವಾಪಸು ಬಂದು ಡಿಶ್‌ವಾಷರ್ ಖಾಲಿ ಮಾಡಿ, ಮಕ್ಕಳ ಬಟ್ಟೆ ಒಗೆಯಲು ಹಾಕಿ, ಅವರ ಕೋಣೆ ಎತ್ತಿಡಲು ಇನ್ನೊಂದು ಗಂಟೆ. ಮಧ್ಯಾಹ್ನ ಮೂರಕ್ಕೆ ಮಕ್ಕಳನ್ನು ಕರೆತಂದರೆ ತಂದೆ ತಾಯಿ ಆಫೀಸಿನಿಂದ ಬರುವ ಆರೂವರೆವರೆಗೆ ಮೂರೂವರೆ ಗಂಟೆ. ಅಲ್ಲಿಗೆ ಆರು ಗಂಟೆ ಆಯಿತು, ಲೆಕ್ಕ ಮುಗಿಯಿತು. ಆದರೆ ದಿನ ಮುಗಿಯಲಿಲ್ಲ. ಏಳಕ್ಕೆ ಎಲ್ಲರೂ ಊಟಕ್ಕೆ ಕೂತಾಗ ಕಿರಿಯ ಮಗು ಅವಳ ತೊಡೆಯೇ ಬೇಕೆನ್ನುತ್ತದೆ. ಉಣಿಸುವುದು ಕೆಲಸವೋ, ಅಕ್ಕರೆಯೋ? ಊಟ ಆದಮೇಲೆ ಎಲ್ಲರೂ ತಟ್ಟೆ ಎತ್ತುತ್ತಾರೆ, ಅವಳೂ ಎತ್ತುತ್ತಾಳೆ. ಅದು ಕುಟುಂಬದ ಸದಸ್ಯೆಯ ಸಹಾಯವೋ, ಏಳನೆಯ ಗಂಟೆಯೋ? ಮಕ್ಕಳು ಮಲಗಿದ ಮೇಲೆ ದಂಪತಿ ಸಿನಿಮಾಕ್ಕೆ ಹೊರಡುತ್ತಾರೆ, 'ನೀನು ಹೇಗೂ ಮನೆಯಲ್ಲೇ ಇರ್ತೀಯಲ್ಲ' ಎನ್ನುತ್ತಾರೆ. ಅವಳು ತನ್ನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಾಳೆ, ಕಿವಿ ಮಾತ್ರ ಪಕ್ಕದ ಕೋಣೆಯ ಕಡೆಗೆ. ಹೊರಗೆ ಹೋಗುವಂತಿಲ್ಲ, ಕದ ಹಾಕಿ ನಿಶ್ಚಿಂತೆಯಿಂದ ಮಲಗುವಂತಿಲ್ಲ. ಇಡೀ ಸಮಸ್ಯೆ ಇರುವುದು ಈ ಹೊತ್ತಿನಲ್ಲಿ. ದೊಡ್ಡ ಕ್ರೌರ್ಯದ ಕತೆಗಳು ಸುದ್ದಿಯಾಗುತ್ತವೆ, ಆದರೆ ಹೆಚ್ಚಿನವರ ವರ್ಷ ಸವೆಯುವುದು ಹೀಗೆ, ಕಾಲು ಗಂಟೆ, ಅರ್ಧ ಗಂಟೆಯ ಸೋರಿಕೆಯಲ್ಲಿ. ಜರ್ಮನಿಯ ನಿಯಮ ಮಕ್ಕಳ ಕಾವಲಿಗೆ ಕೂರುವುದನ್ನೂ ಮೂವತ್ತು ಗಂಟೆಯೊಳಗೇ ಸೇರಿಸುತ್ತದೆ. ಆದರೆ ಎಣಿಸುವವರು ಇದ್ದರೆ ತಾನೇ ಸೇರುವುದು?

ಎಣಿಸಲು ನಾಚಿಕೆಯಾಗುವಂತೆ ಮಾಡುವುದೇ 'ಮನೆಯ ಸದಸ್ಯೆ' ಎಂಬ ಮಾತಿನ ಶಕ್ತಿ. ತಾಯಿ ಗಂಟೆ ಎಣಿಸುವುದಿಲ್ಲ, ಅಕ್ಕ ತಮ್ಮನಿಗೆ ಉಣಿಸಿದ್ದಕ್ಕೆ ಲೆಕ್ಕ ಬರೆಯುವುದಿಲ್ಲ. ಹಾಗಾದರೆ ಮನೆಯವಳು ಅನ್ನಿಸಿಕೊಂಡವಳು ಲೆಕ್ಕ ಕೇಳಿದರೆ ಸಣ್ಣವಳಾಗುತ್ತಾಳೆ. ಇದನ್ನು ಅರ್ಥಮಾಡಿಕೊಳ್ಳಲು ನಾವು ಯೂರೋಪಿಗೆ ಹೋಗಬೇಕಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಕೆಲಸದವಳ ಬಗ್ಗೆ 'ನಮ್ಮನೆ ಮಗಳ ಥರಾನೇ ನೋಡ್ಕೊಂಡಿದೀವಿ' ಎನ್ನುತ್ತಾರೆ; ಅವಳ ಲೋಟ ಮಾತ್ರ ಸಿಂಕಿನ ಪಕ್ಕ ಬೇರೆಯಾಗಿಯೇ ಇರುತ್ತದೆ, ಹಬ್ಬದ ದಿನ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವಳೂ ಅವಳೇ. ಮಗಳು ಎಂದು ಕರೆಯುವುದು ಸಂಬಳ ಹೆಚ್ಚಿಸುವುದಕ್ಕಿಂತ ಸುಲಭ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ಅದು ಆದದ್ದು 2004ರಲ್ಲಿ. ಆ ಆದೇಶ ಎಷ್ಟು ಮನೆಗಳ ಒಳಗೆ ತಲುಪಿದೆ ಎಂಬುದು ಬೇರೆ ಮಾತು. ಆದರೆ ಮನೆಯ ನಾಲ್ಕು ಗೋಡೆಗಳ ಒಳಗೆ ಮಾಡಿದ್ದೂ ಕೆಲಸವೇ, ಅದಕ್ಕೂ ಒಂದು ದರ ಇರಬೇಕು ಎಂಬ ತತ್ವವನ್ನು ನಮ್ಮ ರಾಜ್ಯ ಅಂದೇ ಒಪ್ಪಿಕೊಂಡಿತು. ನಮ್ಮ ಊರಿನ ಮನೆಗೆಲಸದವರಿಗೆ ಒಪ್ಪಿದ ತತ್ವವನ್ನು ಹೊರಗೆ ಹೋಗುವ ನಮ್ಮ ಮಕ್ಕಳ ವಿಷಯದಲ್ಲಿ ಬಿಟ್ಟುಕೊಡುವುದೇಕೆ?

ದುಡ್ಡಿನ ಮಾತು ಬಂದಾಗ ಏಜೆನ್ಸಿಗಳು ಕೊಡುವ ಉತ್ತರ ಒಂದೇ: 280 ಯೂರೋ ಸಂಬಳವಲ್ಲ, ಊಟ, ಕೋಣೆ, ವಿಮೆ ಎಲ್ಲ ಸೇರಿಸಿ ನೋಡಿ. ಸರಿ, ಸೇರಿಸಿಯೇ ನೋಡೋಣ. ಊಟ ವಸತಿಗೆ ಎಷ್ಟು ಬೆಲೆ ಕಟ್ಟಬೇಕೆಂದು ಜರ್ಮನ್ ಸರಕಾರವೇ ಪ್ರತಿವರ್ಷ ಹೇಳುತ್ತದೆ. 2025ರಲ್ಲಿ ತಿಂಗಳ ಊಟಕ್ಕೆ 333 ಯೂರೋ, ವಸತಿಗೆ 282 ಯೂರೋ. ಅದಕ್ಕೆ ಕೈಖರ್ಚಿನ 280, ಕ್ಲಾಸಿನ 70 ಕೂಡಿಸಿದರೆ 965 ಯೂರೋ ಆಗುತ್ತದೆ. ವಿಮೆಯನ್ನೂ ಸೇರಿಸಿ ಸಾವಿರ ಎಂದೇ ಇಟ್ಟುಕೊಳ್ಳಿ. ವಾರಕ್ಕೆ ಮೂವತ್ತು ಗಂಟೆಯೆಂದರೆ ತಿಂಗಳಿಗೆ ಸುಮಾರು 130 ಗಂಟೆ. ಗಂಟೆಗೆ ಏಳೂಮುಕ್ಕಾಲು ಯೂರೋ ಬಿತ್ತು. ಅದೇ 2025ರಲ್ಲಿ ಜರ್ಮನಿಯ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಅಂದರೆ ಉಣ್ಣುವ ಪ್ರತಿ ತುತ್ತಿಗೂ ಬೆಲೆ ಕಟ್ಟಿ, ಒಂದು ನಿಮಿಷವೂ ಹೆಚ್ಚು ದುಡಿಸದ ಆದರ್ಶ ಮನೆಯಲ್ಲೂ ಅವಳಿಗೆ ಸಿಗುವುದು ಕನಿಷ್ಠ ಕೂಲಿಯ ಐದರಲ್ಲಿ ಮೂರು ಪಾಲು. ಮೂವತ್ತರ ಬದಲು ನಲವತ್ತು ಗಂಟೆಯಾದರೆ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. 280 ಯೂರೋ ನಮ್ಮಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ದಾಟುತ್ತದೆ ಎಂದು ಹಿಗ್ಗುವ ತಂದೆ ತಾಯಿ ಒಂದು ವಿಷಯ ಗಮನಿಸಬೇಕು: ಅವಳು ಬಸ್ ಹತ್ತುವುದು, ಕಾಫಿ ಕುಡಿಯುವುದು ರೂಪಾಯಿ ಕೊಟ್ಟಲ್ಲ.

ಉಳಿದ ಐದರಲ್ಲಿ ಎರಡು ಪಾಲನ್ನು ತುಂಬಿಕೊಡುವುದು ಯಾವುದು? ಭಾಷೆ ಮತ್ತು ಸಂಸ್ಕೃತಿ ಎನ್ನುತ್ತಾರೆ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಒಂದು ಮನೆಯೊಳಗೆ ಒಂದು ವರ್ಷ ಬದುಕಿ ಕಲಿಯುವ ಭಾಷೆ ಯಾವ ಕ್ಲಾಸಿನಲ್ಲೂ ಸಿಗದು. ಮಗುವಿನ ಹಟ, ಅಜ್ಜಿಯ ಫೋನು, ಅಂಗಡಿಯವನ ಗೊಣಗಾಟ ಇವೆಲ್ಲ ಕಿವಿಗೆ ಬಿದ್ದಾಗಲೇ ಭಾಷೆ ಬಾಯಿಗೆ ಬರುವುದು. ಜರ್ಮನಿ ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ಆತಿಥೇಯರ ಮನೆಮಾತು ಜರ್ಮನ್ ಆಗಿರಬೇಕು; ಅದು ಅವರ ತಾಯ್ನುಡಿಯಲ್ಲದೆ ಮನೆಯಲ್ಲಿ ಆಡುವ ಮಾತು ಮಾತ್ರ ಆಗಿದ್ದರೆ, ಓ ಪೇರ್ ಆಗಿ ಬರುವವರು ಆತಿಥೇಯರ ಮೂಲ ದೇಶದವರಾಗಿರಬಾರದು. ಮ್ಯೂನಿಕ್‌ನಲ್ಲಿ ನೆಲೆಸಿದ ಕನ್ನಡದ ದಂಪತಿ ತಮ್ಮ ಕೂಸನ್ನು ನೋಡಿಕೊಳ್ಳಲು ಊರಿನ ಹುಡುಗಿಯನ್ನು ಓ ಪೇರ್ ಎಂದು ಕರೆಸಿಕೊಳ್ಳುವಂತಿಲ್ಲ. ಕನ್ನಡದಲ್ಲಿ ಜೋಗುಳ ಹಾಡುವವಳು ಬೇಕು ಎನ್ನುವ ಆಸೆ ಸಹಜವಾದರೂ ಈ ನಿಯಮ ಸರಿಯಾದದ್ದೇ. ಹಾಗೆ ಬಂದವಳಿಗೆ ಜರ್ಮನ್ ಬಾರದು, ಹೊರಜಗತ್ತು ತಿಳಿಯದು. ಅವಳು ಕೇವಲ ಅಗ್ಗದ ಆಳಾಗಿ ಉಳಿಯುತ್ತಾಳೆ. ಭಾಷೆಯೇ ಅವಳ ನಿಜವಾದ ಸಂಬಳ ಎಂದು ಕಾನೂನೇ ಒಪ್ಪಿದ ಮೇಲೆ, ಆ ಸಂಬಳವನ್ನು ಪೂರ್ತಿ ಕೊಡಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಸಂಜೆ ಆರಕ್ಕೆ ಕ್ಲಾಸಿದ್ದಾಗ ಆರೂವರೆಗೆ ಬರುವ ತಾಯಿ, 'ಇವತ್ತೊಂದು ದಿನ' ಎಂದು ವಾರಕ್ಕೆ ಎರಡು ಸಲ ಹೇಳಿದರೆ ಕಡಿತವಾಗುವುದು ಅದೇ ಸಂಬಳ. ಸಂಸ್ಕೃತಿ ವಿನಿಮಯದ ಹೆಸರಿನಲ್ಲಿ ಗಂಟೆ ಎಣಿಸಬೇಡಿ ಎನ್ನುವವರಿಗೆ ನನ್ನ ಉತ್ತರ ಇದು: ವಿನಿಮಯ ಎಂದಮೇಲೆ ಅಳತೆ ಇರಲೇಬೇಕು, ಅಳತೆಯಿಲ್ಲದೆ ಒಬ್ಬರೇ ಕೊಡುತ್ತಾ ಹೋದರೆ ಅದು ವಿನಿಮಯವಲ್ಲ.

ಅಮೆರಿಕದ ಅನುಭವ ಈ ವಿಷಯದಲ್ಲಿ ಬಹಳ ಹೇಳುತ್ತದೆ. ಅಲ್ಲಿ 1986ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಈ ಕಾರ್ಯಕ್ರಮ ಇಂದಿಗೂ ವಿದೇಶಾಂಗ ಇಲಾಖೆಯ ಕೈಕೆಳಗಿನ ಸಾಂಸ್ಕೃತಿಕ ವಿನಿಮಯ. ಜೆ-1 ವೀಸಾ, ವಾರಕ್ಕೆ 45 ಗಂಟೆಯವರೆಗೆ, ದಿನಕ್ಕೆ ಹತ್ತು ಗಂಟೆಯವರೆಗೆ ಮಕ್ಕಳನ್ನು ನೋಡಿಕೊಳ್ಳಬೇಕು. ವಾರದ ಹಣ ಕನಿಷ್ಠ 195 ಡಾಲರ್ 75 ಸೆಂಟ್. ಈ ಒಡ್ಡೊಡ್ಡಾದ ಅಂಕಿ ಎಲ್ಲಿಂದ ಬಂತು ಎಂದು ಹುಡುಕಿದರೆ ಒಳಗುಟ್ಟು ತಿಳಿಯುತ್ತದೆ. ಒಕ್ಕೂಟ ಸರಕಾರದ ಕನಿಷ್ಠ ಕೂಲಿ 7.25 ಡಾಲರನ್ನು 45ರಿಂದ ಗುಣಿಸಿ, ಊಟ ವಸತಿಗೆಂದು ನೂರಕ್ಕೆ ನಲವತ್ತು ಕಳೆದರೆ ಬರುವುದು ಇದೇ ಮೊತ್ತ. ಹೆಸರು ಸಂಸ್ಕೃತಿಯದು, ಲೆಕ್ಕ ಕೂಲಿಯದು. 2009ರಿಂದ ಆ ಕೂಲಿ ದರ ಕದಲಿಲ್ಲವಾದ್ದರಿಂದ ಈ ಹಣವೂ ಕದಲಲಿಲ್ಲ. 2014ರಲ್ಲಿ ಕೊಲರಾಡೊದ ನ್ಯಾಯಾಲಯದಲ್ಲಿ ಹಿಂದಿನ ಓ ಪೇರ್‌ಗಳು ಹೂಡಿದ ದಾವೆ, ಏಜೆನ್ಸಿಗಳೆಲ್ಲ ಸೇರಿ ಈ ಕನಿಷ್ಠ ಮೊತ್ತವನ್ನೇ ಎಲ್ಲೆಡೆ ಗರಿಷ್ಠವಾಗಿಸಿವೆ ಎಂದು ಆರೋಪಿಸಿತು. 2019ರಲ್ಲಿ ಹದಿನೈದು ಏಜೆನ್ಸಿಗಳು 6.55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವೊಂದು, ಮ್ಯಾಸಚೂಸೆಟ್ಸ್ ರಾಜ್ಯದ ಮನೆಗೆಲಸದವರ ಕಾನೂನು ಓ ಪೇರ್‌ಗಳಿಗೂ ಅನ್ವಯಿಸುತ್ತದೆ ಎಂದಿತು. ಆ ರಾಜ್ಯದಲ್ಲಿ ಆಗ ಕನಿಷ್ಠ ಕೂಲಿ ಗಂಟೆಗೆ 12 ಡಾಲರ್ ಇತ್ತು.

ಜರ್ಮನಿಯಲ್ಲೂ ಇಂಥದೇ ಒಂದು ತೀರ್ಪು ಬಂತು, ಓ ಪೇರ್ ಬಗ್ಗೆ ಅಲ್ಲದಿದ್ದರೂ. ಬಲ್ಗೇರಿಯಾದಿಂದ ಬಂದ ಒಬ್ಬ ಹೆಂಗಸು ಬರ್ಲಿನ್ನಿನಲ್ಲಿ ತೊಂಬತ್ತು ದಾಟಿದ ವೃದ್ಧೆಯೊಬ್ಬರ ಜೊತೆಗಿದ್ದು ನೋಡಿಕೊಳ್ಳುತ್ತಿದ್ದರು. ಒಪ್ಪಂದದಲ್ಲಿ ಇದ್ದದ್ದು ವಾರಕ್ಕೆ ಮೂವತ್ತು ಗಂಟೆ. ಹಗಲಿರುಳೂ ಕರೆದಾಗ ಏಳಬೇಕಿತ್ತು ಎಂದು ಅವರು ನ್ಯಾಯಾಲಯಕ್ಕೆ ಹೋದರು. 2021ರ ಜೂನ್ 24ರಂದು ಅಲ್ಲಿನ ಒಕ್ಕೂಟ ಕಾರ್ಮಿಕ ನ್ಯಾಯಾಲಯ, ಕೆಲಸಕ್ಕಾಗಿ ಕಾದಿರುವ ಹೊತ್ತಿಗೂ ಕನಿಷ್ಠ ಕೂಲಿ ಕೊಡಬೇಕು ಎಂದು ತೀರ್ಮಾನಿಸಿತು. ಪಕ್ಕದ ಕೋಣೆಯ ಕಡೆ ಕಿವಿಯಿಟ್ಟು ಕೂತ ಹುಡುಗಿಯ ಸಂಜೆಗೂ ಆ ಹೆಂಗಸಿನ ರಾತ್ರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಒಬ್ಬರನ್ನು ಕಾರ್ಮಿಕರೆಂದು ಒಪ್ಪಲಾಗಿದೆ, ಇನ್ನೊಬ್ಬಳನ್ನು ಒಪ್ಪಿಲ್ಲ, ಅಷ್ಟೇ.

ಹೀಗೆ ಕೂಲಿಯ ಲೆಕ್ಕ ಹಿಡಿದು ಹೊರಟರೆ ಈ ದಾರಿಯೇ ಮುಚ್ಚಿಹೋಗುತ್ತದೆ ಎಂಬ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಅದಕ್ಕೆ ಉದಾಹರಣೆಗಳೂ ಇವೆ. ನಾರ್ವೆಯಲ್ಲಿ ಬಹುಪಾಲು ಫಿಲಿಪೀನ್ಸಿನ ಹುಡುಗಿಯರೇ ಬರುತ್ತಿದ್ದರು. ಇದು ಸಂಸ್ಕೃತಿ ವಿನಿಮಯವಲ್ಲ, ಅಗ್ಗದ ಮನೆಗೆಲಸ ಎಂಬ ವಾದ ವರ್ಷಗಟ್ಟಲೆ ನಡೆದು, 2024ರ ಮಾರ್ಚಿನಲ್ಲಿ ಆ ದೇಶ ಯೋಜನೆಯನ್ನೇ ನಿಲ್ಲಿಸಿತು. ಬ್ರಿಟನ್ 2008ರಲ್ಲೇ ಓ ಪೇರ್ ವೀಸಾವನ್ನು ಕೈಬಿಟ್ಟಿತ್ತು. ಯೂರೋಪ್ ಒಕ್ಕೂಟದ ಯುವಜನರು ವೀಸಾ ಇಲ್ಲದೆ ಬರುತ್ತಿದ್ದುದರಿಂದ ಪದ್ಧತಿ ಉಳಿದುಕೊಂಡಿತ್ತು; ಬ್ರೆಕ್ಸಿಟ್ ಅದನ್ನೂ ಮುಗಿಸಿತು. ಮನೆಯವರಂತೆ ಇರುವವರಿಗೆ ಕನಿಷ್ಠ ಕೂಲಿ ಕೊಡಬೇಕಿಲ್ಲ ಎಂದಿದ್ದ ವಿನಾಯಿತಿಯನ್ನು 2024ರ ಏಪ್ರಿಲ್ 1ರಂದು ಆ ದೇಶ ತೆಗೆದುಹಾಕಿತು. ಕನಿಷ್ಠ ಕೂಲಿ ಕೊಡಬೇಕಾದರೆ ಮಧ್ಯಮವರ್ಗದ ಕುಟುಂಬಗಳಿಗೆ ಓ ಪೇರ್ ಕೈಗೆಟುಕುವುದಿಲ್ಲ, ನಿಜ. ಆಗ ಕಳೆದುಕೊಳ್ಳುವುದು ಹಣವಿಲ್ಲದ ಹುಡುಗಿಯರೇ, ಅದೂ ನಿಜ.

ಆದರೆ ಬಾಗಿಲು ಮುಚ್ಚಿದರೆ ಹೋಗುವವರು ನಿಲ್ಲುವುದಿಲ್ಲ ಎಂಬುದಕ್ಕೆ ಫಿಲಿಪೀನ್ಸೇ ಸಾಕ್ಷಿ. ದೂರುಗಳು ಬಂದವೆಂದು 1990ರ ದಶಕದ ಕೊನೆಯಲ್ಲಿ ಆ ದೇಶ ತನ್ನ ಹೆಣ್ಣುಮಕ್ಕಳು ಓ ಪೇರ್ ಆಗಿ ಯೂರೋಪಿಗೆ ಹೋಗುವುದನ್ನು ನಿಷೇಧಿಸಿತು. ಹುಡುಗಿಯರು ಹೋಗುತ್ತಲೇ ಇದ್ದರು, ಬಳಸುದಾರಿಯಿಂದ, ಹೆಚ್ಚು ದುಡ್ಡು ತೆತ್ತು, ಸ್ವಂತ ಸರಕಾರದ ಕಣ್ಣಿಗೆ ಬೀಳದೆ. 2012ರ ಹೊತ್ತಿಗೆ ನಿಷೇಧ ತೆಗೆಯಬೇಕಾಯಿತು. ಆದ್ದರಿಂದ ನಿಷೇಧ ನನ್ನ ವಾದವಲ್ಲ. ನಾಳೆಯೇ ಪೂರ್ತಿ ಕನಿಷ್ಠ ಕೂಲಿ ಕೊಡಿ ಎಂಬುದೂ ಅಲ್ಲ. ಭಾಷೆ ನಿಜವಾಗಿ ಸಿಗುವುದಾದರೆ ಒಂದು ವರ್ಷದ ಮಟ್ಟಿಗೆ ಕಡಿಮೆ ಹಣಕ್ಕೆ ಒಪ್ಪುವುದು ತಿಳಿವಳಿಕೆಯ ನಿರ್ಧಾರವೇ ಆಗಬಹುದು. ನಮ್ಮಲ್ಲಿ ಕೆಲಸ ಕಲಿಯುವ ಕಾಲಕ್ಕೆ ಯಾರೂ ಪೂರ್ತಿ ಸಂಬಳ ಕೇಳುವುದಿಲ್ಲ. ನಾನು ಕೇಳುವುದು ಎಣಿಕೆ. ಒಪ್ಪಿದ ಮೂವತ್ತು ಗಂಟೆ ಮೂವತ್ತೇ ಆಗಿರಲಿ, ಮೂವತ್ತೊಂದನೆಯದಕ್ಕೆ ಬೇರೆ ಬೆಲೆಯಿರಲಿ ಅಥವಾ ಬೇರೆ ದಿನ ಬಿಡುವಿರಲಿ. ಇಷ್ಟಕ್ಕೇ ಮುರಿದುಬೀಳುವ ಪದ್ಧತಿಯಾದರೆ ಅದು ನಿಂತದ್ದು ವಿನಿಮಯದ ಮೇಲಲ್ಲ ಎಂದಾಯಿತು.

ಒಳ್ಳೆಯ ಮನೆಗಳಿಲ್ಲವೇ, ವರ್ಷ ಮುಗಿದ ಮೇಲೂ ಮಕ್ಕಳ ಹುಟ್ಟುಹಬ್ಬಕ್ಕೆ ಫೋನು ಮಾಡುವ ಸಂಬಂಧಗಳಿಲ್ಲವೇ ಎಂದು ಕೇಳುವವರಿದ್ದಾರೆ. ಇವೆ, ಬೇಕಾದಷ್ಟಿವೆ. ಗಡಿಯಾರ ಹಿಡಿದು ಕೂತರೆ ಆ ಪ್ರೀತಿ ಹಾಳಾಗುತ್ತದೆ ಎಂಬುದು ಅವರ ಭಯ. ನನಗೆ ಇದರ ತಿರುವುಮುರುವೇ ನಿಜವೆನಿಸುತ್ತದೆ. ಆರು ಗಂಟೆ ಮುಗಿಯಿತು ಎಂದು ಇಬ್ಬರಿಗೂ ಗೊತ್ತಿರುವ ಮನೆಯಲ್ಲಿ, ಏಳನೆಯ ಗಂಟೆಗೆ ಅವಳು ಮಗುವಿಗೆ ಕತೆ ಹೇಳುತ್ತಾ ಕೂತರೆ ಅದು ಅವಳ ಪ್ರೀತಿಯೆಂದು ಎಲ್ಲರಿಗೂ ಕಾಣುತ್ತದೆ. ಗಡಿ ಇಲ್ಲದ ಮನೆಯಲ್ಲಿ ಅದೇ ಕತೆ ಬಾಕಿ ಕೆಲಸವಾಗುತ್ತದೆ. ಕುಟುಂಬಕ್ಕೂ ಇದರಿಂದ ರಕ್ಷಣೆಯಿದೆ. ಗೋಡೆಯ ಮೇಲೆ ವಾರದ ವೇಳಾಪಟ್ಟಿ ಅಂಟಿಸಿದ್ದರೆ, ಇವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡದ್ದು ಮುನಿಸೋ ಬಿಡುವೋ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಿಳಿದೇ ಒಪ್ಪಿಕೊಂಡು ಹೋಗುವ ವಯಸ್ಕರ ವಿಷಯದಲ್ಲಿ ಹೊರಗಿನವರಿಗೇನು ಕೆಲಸ ಎಂಬ ಪ್ರಶ್ನೆಯೂ ಬರುತ್ತದೆ. ಒಪ್ಪಿಗೆಗೆ ಬೆಲೆ ಬರುವುದು ಬೇಡ ಅನ್ನುವ ಶಕ್ತಿ ಇದ್ದಾಗ. ಓ ಪೇರ್‌ಗೆ ಕೆಲಸ, ಮನೆ, ವೀಸಾ ಮೂರೂ ಒಂದೇ ಕೀಲಿಗೊಂಚಲಲ್ಲಿ ಇರುತ್ತವೆ. ಜಗಳವಾದರೆ ಕೆಲಸದ ಜೊತೆ ಮಲಗುವ ಜಾಗವೂ ಹೋಗುತ್ತದೆ. ಜರ್ಮನಿಯಲ್ಲಿ ಕುಟುಂಬ ಬದಲಿಸಲು ಅವಕಾಶವಿದೆ, ಸಾಮಾನ್ಯವಾಗಿ ಎರಡು ವಾರದ ನೋಟಿಸು ಸಾಕು. ಆದರೆ ಆ ಎರಡು ವಾರ ಕಳೆಯುವುದು ಮುನಿದವರ ಮನೆಯಲ್ಲೇ. ಇದರ ಮೇಲೆ ಸಾಲದ ಹೊರೆ ಬಿದ್ದರೆ ಬಾಯಿ ಪೂರ್ತಿ ಕಟ್ಟಿಹೋಗುತ್ತದೆ. ಜರ್ಮನಿಯ ಏಜೆನ್ಸಿ ಓ ಪೇರ್ ಕಡೆಯಿಂದ ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ಅಲ್ಲಿನ ಕಾನೂನು 150 ಯೂರೋಗಳ ಮಿತಿ ಹಾಕಿದೆ. ಆದರೆ ಏಜೆನ್ಸಿ ನಡೆಸಲು 2002ರಿಂದ ಅಲ್ಲಿ ಲೈಸೆನ್ಸ್ ಬೇಕಿಲ್ಲ, ಆ ಮಿತಿ ನಮ್ಮೂರಿನ ಮಧ್ಯವರ್ತಿಯನ್ನು ಕಟ್ಟಿಹಾಕುವುದೂ ಇಲ್ಲ. ಕುಟುಂಬ ಹುಡುಕಿಕೊಡಲು ಯಾರಾದರೂ ಲಕ್ಷದ ಮಾತಾಡಿದರೆ ಅಲ್ಲಿಂದ ಎದ್ದು ಬರಬೇಕು. ಆ ಸಾಲ ಹೊತ್ತು ಹೋದವಳು ಕೆಟ್ಟ ಮನೆಯನ್ನು ಬಿಡಲಾರಳು.

ಇನ್ನು ಮುಂದಿನ ದಾರಿ. ಜರ್ಮನಿಯಲ್ಲಿ ಓ ಪೇರ್ ಆಗಲು ಒಬ್ಬರಿಗೆ ಒಂದೇ ಅವಕಾಶ, ಆರು ತಿಂಗಳಿನಿಂದ ಒಂದು ವರ್ಷ. ನಂತರ ನರ್ಸಿಂಗ್ ಮೊದಲಾದ ವೃತ್ತಿ ತರಬೇತಿಗೆ ಸೇರಬಹುದು, ಒಂದು ವರ್ಷದ ಸಮಾಜಸೇವೆಗೆ ಸೇರಬಹುದು. ಆದರೆ ವೃತ್ತಿ ತರಬೇತಿಗೆ ಸಾಮಾನ್ಯವಾಗಿ ಬಿ1, ಎಷ್ಟೋ ಕಡೆ ಬಿ2 ಮಟ್ಟದ ಭಾಷೆ ಬೇಕು. ಎ1 ಹಿಡಿದು ಹೋದವಳು ಹನ್ನೆರಡು ತಿಂಗಳಲ್ಲಿ ಅಷ್ಟು ಮೇಲೇರಬೇಕಾದರೆ ವಾರಕ್ಕೆ ಒಂದೆರಡು ಕ್ಲಾಸು ತಪ್ಪಿಸಿಕೊಳ್ಳುವಂತಿಲ್ಲ. ಆ ವರ್ಷ ಮಕ್ಕಳ ಬೂಟು ತೊಡಿಸುವುದರಲ್ಲೇ ಕಳೆದುಹೋದರೆ ಅವಳು ಹೊರಟಲ್ಲಿಗೇ ಹಿಂದಿರುಗುತ್ತಾಳೆ, ವಯಸ್ಸು ಒಂದು ವರ್ಷ ಹೆಚ್ಚಾಗಿರುತ್ತದೆ. ಗಂಟೆಯ ಲೆಕ್ಕದಲ್ಲಿ ಅವಳ ಮುಂದಿನ ಬದುಕೇ ಇದೆ.

ಹೊರಡುವ ಮನಸ್ಸಿದ್ದವರು ವಿಮಾನದ ಟಿಕೆಟಿಗೆ ಮೊದಲು ಕುಟುಂಬಕ್ಕೆ ಒಂದು ವಾರದ ವೇಳಾಪಟ್ಟಿ ಬರೆದು ಕಳಿಸಿ ಎಂದು ಕೇಳಿ, ಸೋಮವಾರದಿಂದ ಭಾನುವಾರದವರೆಗೆ, ಗಂಟೆ ಸಮೇತ. ಕ್ಲಾಸು ಯಾವ ದಿನ, ಎಷ್ಟು ಹೊತ್ತಿಗೆ, ಮನೆಯಿಂದ ಎಷ್ಟು ದೂರ ಎಂದು ಕೇಳಿ. ನಿಮಗಿಂತ ಮುಂಚೆ ಅವರ ಮನೆಯಲ್ಲಿದ್ದ ಓ ಪೇರ್ ಜೊತೆ ಮಾತಾಡಿಸಿ ಎನ್ನಿ. ಒಳ್ಳೆಯ ಮನೆಯವರು ಸಂತೋಷದಿಂದ ನಂಬರು ಕೊಡುತ್ತಾರೆ. ಹೋದ ಮೇಲೆ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ, ಒಪ್ಪಂದದ ಒಂದು ಪ್ರತಿ ಊರಿನಲ್ಲಿ ಅಪ್ಪ ಅಮ್ಮನ ಹತ್ತಿರ ಇರಲಿ, ವಾಪಸು ಟಿಕೆಟಿನಷ್ಟು ಹಣ ಮುಟ್ಟದ ಖಾತೆಯಲ್ಲಿರಲಿ. ದಿನಕ್ಕೊಂದು ಸಾಲಿನಂತೆ ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಕ್ತಾಯ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಕನ್ನಡದಲ್ಲೇ ಬರೆದರೂ ಸಾಕು. ಜರ್ಮನಿಯಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕೆ ಹಗಲಿರುಳು ಸಿಗುವ ಉಚಿತ ಸಹಾಯವಾಣಿ 116 016, ಇಂಗ್ಲಿಷಿನಲ್ಲೂ ಮಾತಾಡಬಹುದು. ನಮ್ಮ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಮಗಳನ್ನು ಕಳಿಸುವ ಅಪ್ಪ ಅಮ್ಮನಲ್ಲಿ ಒಂದು ಬೇಡಿಕೆ: ವಾರಕ್ಕೊಮ್ಮೆ ಫೋನು ಮಾಡಿದಾಗ ಊಟ ಆಯ್ತಾ, ಚಳಿ ಹೇಗಿದೆ ಎಂದು ಕೇಳುವ ಜೊತೆಗೆ, ಈ ವಾರ ಎಷ್ಟು ಗಂಟೆ ಕೆಲಸ ಮಾಡಿದೆ, ಎಷ್ಟು ಕ್ಲಾಸಿಗೆ ಹೋದೆ ಎಂದೂ ಕೇಳಿ.